ಲೈಸೆನ್ಸ್ ಸರ್ವರ್‌ಗೆ ಬಾಗಿಲು ಎರಡು

ಎರಡು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಒಂಬತ್ತೂಕಾಲಿಗೆ ಮೆಕ್ಯಾನಿಕಲ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಫೋನ್ ಮಾಡಿದರು. "ಸರ್, ಒಂದು ಸಿಸ್ಟಮ್‌ನಲ್ಲೂ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ. ಲೈಸೆನ್ಸ್ ಎರರ್ ಅಂತ ಬರ್ತಿದೆ. ಹತ್ತು ಗಂಟೆಗೆ ಮಕ್ಕಳಿಗೆ ಇಂಟರ್ನಲ್ಸ್ ಇದೆ."

ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಸ್ಟಮ್ ಅಡ್ಮಿನ್. ಹಿಂದಿನ ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು. ಯುಪಿಎಸ್ ಬ್ಯಾಟರಿ ಖಾಲಿಯಾಗಿ ಸರ್ವರ್ ಆಫ್ ಆಗಿತ್ತು. ಬೆಳಗಿನ ಜಾವ ಕರೆಂಟ್ ಬಂದ ಮೇಲೆ ತಾನೇ ಆನ್ ಆಗಿತ್ತು. ಸರ್ವರ್ ರೂಮಿಗೆ ಓಡಿ ನೋಡಿದರೆ ಎಲ್ಲಾ ಸರಿಯಾಗೇ ಇತ್ತು. ಲೈಸೆನ್ಸ್ ಸರ್ವೀಸ್ ರನ್ ಆಗುತ್ತಿತ್ತು. ಸರ್ವರ್‌ನಲ್ಲಿ ಕೂತು ಸ್ಟೇಟಸ್ ಕೇಳಿದರೆ ಐವತ್ತಕ್ಕೆ ಐವತ್ತೂ ಲೈಸೆನ್ಸ್ ಯಾರೂ ಬಳಸದೆ ಉಳಿದಿವೆ ಎಂದು ತೋರಿಸುತ್ತಿತ್ತು. ಲ್ಯಾಬಿನಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು. ಆದರೂ ಲ್ಯಾಬಿನ ಒಂದೇ ಒಂದು ಸಿಸ್ಟಮ್‌ಗೂ ಲೈಸೆನ್ಸ್ ಸಿಗಲಿಲ್ಲ.

ಇಂಟರ್ನಲ್ಸ್ ಮಧ್ಯಾಹ್ನಕ್ಕೆ ಹೋಯಿತು. ಮೂವತ್ತು ಮಕ್ಕಳು ಕಾರಿಡಾರ್‌ನಲ್ಲಿ ಕೂತು ಕಾದರು. ಕಾರಣ ಕೊನೆಗೆ ಸಿಕ್ಕಿದ್ದು ಲೈಸೆನ್ಸ್ ಫೈಲ್‌ನ ಒಂದು ಸಾಲಿನಲ್ಲಿ. ಅಲ್ಲಿ ಇರಬೇಕಾಗಿದ್ದ ಒಂದು ಪೋರ್ಟ್ ನಂಬರ್, ಅಂದರೆ ಸರ್ವರ್‌ನ ಒಂದು ಬಾಗಿಲಿನ ನಂಬರ್, ಇರಲಿಲ್ಲ. ಅದು ಯಾಕೆ ಬೇಕು, ಅದಿಲ್ಲದಿದ್ದರೆ ಫೈರ್‌ವಾಲ್ ಯಾಕೆ ಅಡ್ಡ ಬರುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಕಾಲೇಜಾಗಲಿ, ಡಿಸೈನ್ ಆಫೀಸಾಗಲಿ, ಇಂಥ ಸರ್ವರ್ ನೋಡಿಕೊಳ್ಳುವವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ.

ವಿಚಾರಣೆ ಕೌಂಟರ್ ಮತ್ತು ಪ್ಲಾಟ್‌ಫಾರ್ಮ್

ಮ್ಯಾಟ್‌ಲ್ಯಾಬ್, ಆಟೋಡೆಸ್ಕ್, ಆನ್ಸಿಸ್, ಕೇಡೆನ್ಸ್ ಮುಂತಾದ ದುಬಾರಿ ಸಾಫ್ಟ್‌ವೇರ್‌ಗಳನ್ನು ಇಂಜಿನಿಯರಿಂಗ್ ಕಾಲೇಜುಗಳು ಹೆಚ್ಚಾಗಿ ನೆಟ್‌ವರ್ಕ್ ಲೈಸೆನ್ಸ್ ಆಗಿ ಪಡೆಯುತ್ತವೆ. ಇನ್ನೂರು ಸಿಸ್ಟಮ್‌ಗಳಲ್ಲಿ ಇನ್‌ಸ್ಟಾಲ್ ಮಾಡಿರಬಹುದು. ಆದರೆ ಒಂದೇ ಹೊತ್ತಿಗೆ ಐವತ್ತು ಜನ ಮಾತ್ರ ಬಳಸಬಹುದು. ಯಾರ ಹತ್ತಿರ ಎಷ್ಟಿದೆ ಎಂದು ಲೆಕ್ಕ ಇಡುವ ಕೆಲಸ ಲೈಸೆನ್ಸ್ ಸರ್ವರ್‌ನದು. ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ವಾಪಸ್ ತೆಗೆದುಕೊಂಡ ಹಾಗೆ.

ಇಂಥ ಲೆಕ್ಕಕ್ಕೆ ಬಹಳ ಕಂಪನಿಗಳು ಬಳಸಿಕೊಂಡು ಬಂದಿರುವ ವ್ಯವಸ್ಥೆಯ ಹೆಸರು ಫ್ಲೆಕ್ಸ್‌ನೆಟ್. ಹಳಬರು ಇದನ್ನು ಇವತ್ತಿಗೂ ಫ್ಲೆಕ್ಸ್‌ಎಲ್‌ಎಂ ಅಂತಲೇ ಕರೆಯುತ್ತಾರೆ. ಈ ಲೇಖನ ಇದರ ಬಗ್ಗೆ.

ಫ್ಲೆಕ್ಸ್‌ನೆಟ್ ಸರ್ವರ್ ಒಂದೇ ಪ್ರೋಗ್ರಾಂ ಅಲ್ಲ, ಎರಡು. ಇದು ಗೊತ್ತಿಲ್ಲದೆ ಇರುವುದೇ ಅರ್ಧ ತೊಂದರೆಗೆ ಕಾರಣ. ಮೊದಲನೆಯದು ಎಲ್‌ಎಂಜಿಆರ್‌ಡಿ, ಅಂದರೆ ಲೈಸೆನ್ಸ್ ಮ್ಯಾನೇಜರ್. ಎರಡನೆಯದು ವೆಂಡರ್ ಡೀಮನ್, ಅಂದರೆ ಸಾಫ್ಟ್‌ವೇರ್ ಮಾರುವ ಕಂಪನಿಯದೇ ಆದ, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಪ್ರತಿ ಕಂಪನಿಗೂ ತನ್ನದೇ ವೆಂಡರ್ ಡೀಮನ್ ಇರುತ್ತದೆ. ಮ್ಯಾಟ್‌ಲ್ಯಾಬ್‌ನದು ಎಂಎಲ್‌ಎಂ, ಆಟೋಡೆಸ್ಕ್‌ನದು ಎಡಿಎಸ್‌ಕೆಫ್ಲೆಕ್ಸ್, ಆನ್ಸಿಸ್‌ನದು ಆನ್ಸಿಸ್‌ಎಲ್‌ಎಂಡಿ. ನಿಜವಾಗಿ ಲೈಸೆನ್ಸ್ ಕೊಡುವುದು ಈ ಎರಡನೆಯದೇ.

ದೊಡ್ಡ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಒಳಗೆ ಹೋದ ತಕ್ಷಣ "ವಿಚಾರಣೆ" ಎಂದು ಬೋರ್ಡ್ ಹಾಕಿದ ಕೌಂಟರ್ ಇರುತ್ತದೆ. "ಧರ್ಮಸ್ಥಳದ ಬಸ್ ಎಲ್ಲಿ ನಿಲ್ಲುತ್ತೆ ಸರ್?" ಎಂದು ಕೇಳುತ್ತೀರಿ. "ಹನ್ನೊಂದನೇ ಪ್ಲಾಟ್‌ಫಾರ್ಮ್" ಅನ್ನುತ್ತಾರೆ. ಅಲ್ಲಿಗೆ ಹೋಗಿ ಬಸ್ ಹತ್ತುತ್ತೀರಿ. ವಿಚಾರಣೆ ಕೌಂಟರ್‌ನವರು ನಿಮ್ಮನ್ನು ಧರ್ಮಸ್ಥಳಕ್ಕೆ ಕರೆದೊಯ್ಯುವುದಿಲ್ಲ, ಜಾಗ ಮಾತ್ರ ಹೇಳುತ್ತಾರೆ.

ಎಲ್‌ಎಂಜಿಆರ್‌ಡಿ ಅನ್ನುವುದು ಆ ವಿಚಾರಣೆ ಕೌಂಟರ್. ಲ್ಯಾಬಿನ ಸಿಸ್ಟಮ್ ಮೊದಲು ಅದರ ಹತ್ತಿರ ಹೋಗಿ "ಎಂಎಲ್‌ಎಂ ಎಲ್ಲಿದೆ?" ಎಂದು ಕೇಳುತ್ತದೆ. ಅದು ಒಂದು ಪೋರ್ಟ್ ನಂಬರ್ ಹೇಳುತ್ತದೆ. ಆಮೇಲೆ ಸಿಸ್ಟಮ್ ಆ ಪೋರ್ಟಿಗೆ ಹೊಸದಾಗಿ ಕನೆಕ್ಟ್ ಆಗಿ ವೆಂಡರ್ ಡೀಮನ್‌ನಿಂದ ಲೈಸೆನ್ಸ್ ಪಡೆಯುತ್ತದೆ. ಸಾಫ್ಟ್‌ವೇರ್ ಮುಚ್ಚುವ ತನಕ ಈ ಎರಡನೇ ಕನೆಕ್ಷನ್ ತೆರೆದೇ ಇರುತ್ತದೆ.

ಆ ದಿನ ನಮ್ಮಲ್ಲಿ ಆದದ್ದು ಇಷ್ಟೇ. ವಿಚಾರಣೆ ಕೌಂಟರ್ ತೆರೆದಿತ್ತು. ಬಸ್ಸೂ ಬಂದು ನಿಂತಿತ್ತು. ಆದರೆ ಅವತ್ತು ಬಸ್ ನಿಂತ ಪ್ಲಾಟ್‌ಫಾರ್ಮ್ ಬೇರೆ, ಅದರ ಗೇಟಿಗೆ ಬೀಗ ಇತ್ತು.

ನಂಬರ್ ಬದಲಾಗುವುದು ಯಾಕೆ

ಒಂದು ಯಂತ್ರದಲ್ಲಿ ಟಿಸಿಪಿ ಪೋರ್ಟ್‌ಗಳು 0ಯಿಂದ 65535ರ ತನಕ ಇರುತ್ತವೆ. ಫೈರ್‌ವಾಲ್ ಅಂದರೆ ಇಷ್ಟೂ ಬಾಗಿಲು ಮುಚ್ಚಿಟ್ಟು, ನೀವು ಹೇಳಿದ ನಂಬರ್‌ಗಳನ್ನು ಮಾತ್ರ ತೆರೆಯುವ ಕಾವಲುಗಾರ. ನಂಬರ್ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಯಾವುದನ್ನು ತೆರೆಯಿರಿ ಅಂತ ಹೇಳೋದು?

ಎಲ್‌ಎಂಜಿಆರ್‌ಡಿಯ ಜಾಗ ಊಹಿಸಬಹುದಾದದ್ದು. ಲೈಸೆನ್ಸ್ ಫೈಲ್‌ನಲ್ಲಿ ನಂಬರ್ ಕೊಟ್ಟರೆ ಅಲ್ಲೇ ಕೂರುತ್ತದೆ. ಕೊಡದಿದ್ದರೆ 27000ದಿಂದ 27009ರ ಒಳಗೆ ಮೊದಲು ಖಾಲಿ ಸಿಕ್ಕಿದ್ದನ್ನು ಹಿಡಿಯುತ್ತದೆ. ವೆಂಡರ್ ಡೀಮನ್ ಹಾಗಲ್ಲ. ನಂಬರ್ ಗೊತ್ತು ಮಾಡದಿದ್ದರೆ, ಶುರುವಾಗುವಾಗ "ಯಾವುದಾದರೂ ಒಂದು ಖಾಲಿ ಪೋರ್ಟ್ ಕೊಡು" ಎಂದು ಆಪರೇಟಿಂಗ್ ಸಿಸ್ಟಮ್‌ನ ಕೇಳುತ್ತದೆ. ವಿಂಡೋಸ್ ಸಾಮಾನ್ಯವಾಗಿ 49152ರಿಂದ 65535ರ ಒಳಗಿನ ಒಂದನ್ನು ಕೊಡುತ್ತದೆ. ಲಿನಕ್ಸ್ 32768ರಿಂದ 60999ರ ಒಳಗಿನದನ್ನು ಕೊಡುತ್ತದೆ. ಪ್ರತಿ ಸಲ ರೀಸ್ಟಾರ್ಟ್ ಆದಾಗಲೂ ಇದು ಹೊಸ ನಂಬರ್.

ಹೀಗಾಗಿ 27000 ತೆರೆದು "ಪೋರ್ಟ್ ಓಪನ್ ಮಾಡಿದ್ದೀನಿ, ಆದರೂ ಬರ್ತಿಲ್ಲ" ಎನ್ನುವವರು ಜಾಸ್ತಿ. ಅವರು ಕೌಂಟರ್‌ನ ಬಾಗಿಲು ತೆರೆದಿದ್ದಾರೆ. ಪ್ಲಾಟ್‌ಫಾರ್ಮಿನದು ಮುಚ್ಚಿಯೇ ಇದೆ. ಇನ್ನು ಕೆಲವರು ಬೇಸತ್ತು 49152ರಿಂದ ಮೇಲಿನದ್ದನ್ನೆಲ್ಲಾ ತೆರೆದುಬಿಡುತ್ತಾರೆ. ಲೈಸೆನ್ಸ್ ಸಿಗುತ್ತದೆ ನಿಜ. ಆದರೆ ಒಂದು ಬಾಗಿಲಿಗಾಗಿ ಹದಿನಾರು ಸಾವಿರ ಬಾಗಿಲು ತೆರೆದ ಹಾಗಾಯಿತು. ದಯವಿಟ್ಟು ಹಾಗೆ ಮಾಡಬೇಡಿ. ಸರಿಯಾದ ದಾರಿ ಅದಕ್ಕಿಂತ ಸುಲಭ.

ಎರಡು ಸಾಲು

ಲೈಸೆನ್ಸ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಉದ್ದುದ್ದ ಅಕ್ಷರ, ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ನಮಗೆ ಬೇಕಾದದ್ದು ಮೇಲಿನ ಎರಡು ಸಾಲು ಮಾತ್ರ.

ಒಂದು ಸಾಲು ಸರ್ವರ್ ಎಂಬ ಪದದಿಂದ ಶುರುವಾಗುತ್ತದೆ. ಆಮೇಲೆ ಯಂತ್ರದ ಹೆಸರು, ಹೋಸ್ಟ್ ಐಡಿ, ಕೊನೆಯಲ್ಲಿ ಒಂದು ನಂಬರ್. ಹೋಸ್ಟ್ ಐಡಿ ಅಂದರೆ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್. ಕೊನೆಯ ನಂಬರ್ ಎಲ್‌ಎಂಜಿಆರ್‌ಡಿಯ ಪೋರ್ಟ್. ಅದು 27000 ಎಂದಿರಲಿ. ಇನ್ನೊಂದು ಸಾಲು ವೆಂಡರ್ ಅಥವಾ ಡೀಮನ್ ಎಂಬ ಪದದಿಂದ ಶುರುವಾಗುತ್ತದೆ. ಎರಡಕ್ಕೂ ಅರ್ಥ ಒಂದೇ. ಅಲ್ಲಿ ವೆಂಡರ್ ಡೀಮನ್‌ನ ಹೆಸರು, ಕೆಲವೊಮ್ಮೆ ಅದು ಇರುವ ಫೋಲ್ಡರ್ ಇರುತ್ತದೆ. ಆ ಸಾಲಿನ ಕೊನೆಗೆ ಪೋರ್ಟ್ ಎಂಬ ಪದವನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು, ಸಮ ಚಿಹ್ನೆ ಹಾಕಿ, ನಡುವೆ ಜಾಗ ಬಿಡದೆ 27001 ಎಂದು ಸೇರಿಸಿ. ಸೇವ್ ಮಾಡಿ. ವೆಂಡರ್ ಡೀಮನ್‌ನ ಜಾಗ ಇನ್ನು ಮುಂದೆ ಖಾಯಂ.

"ಲೈಸೆನ್ಸ್ ಫೈಲ್ ಮುಟ್ಟಿದರೆ ಕೆಡಲ್ವಾ?" ಎಂದು ಬಹಳ ಜನ ಹೆದರುತ್ತಾರೆ. ಯಂತ್ರದ ಹೆಸರು, ಎರಡು ಪೋರ್ಟ್‌ಗಳು, ಡೀಮನ್ ಇರುವ ಫೋಲ್ಡರ್ ಇವಿಷ್ಟನ್ನು ಬದಲಾಯಿಸಬಹುದು. ಹೋಸ್ಟ್ ಐಡಿ, ಲೈಸೆನ್ಸ್ ಸಂಖ್ಯೆ, ಮುಗಿಯುವ ತಾರೀಖು ಇವನ್ನು ಮುಟ್ಟಿದರೆ ಮಾತ್ರ ಫೈಲ್ ಕೆಲಸ ಮಾಡುವುದಿಲ್ಲ. ಅವಕ್ಕೆ ಕಂಪನಿ ಡಿಜಿಟಲ್ ಸಹಿ ಹಾಕಿರುತ್ತದೆ.

ನಂಬರ್ 27001 ಆಗಲೇಬೇಕೆಂದಿಲ್ಲ. ಆಟೋಡೆಸ್ಕ್‌ನವರು ತಮ್ಮ ಡೀಮನ್‌ಗೆ 2080 ಇಟ್ಟುಕೊಂಡಿದ್ದಾರೆ. ಆನ್ಸಿಸ್‌ನಲ್ಲಿ ಎಲ್‌ಎಂಜಿಆರ್‌ಡಿಯೇ ಮಾಮೂಲಾಗಿ 1055ರಲ್ಲಿ ಕೂರುತ್ತದೆ. ಕಂಪನಿಯ ಗೈಡ್‌ನಲ್ಲಿ ಹೇಳಿದ್ದನ್ನೇ ಇಡುವುದು ಒಳ್ಳೆಯದು. ನೀವೇ ಆರಿಸುವುದಾದರೆ ಆಪರೇಟಿಂಗ್ ಸಿಸ್ಟಮ್ ಸಿಕ್ಕಸಿಕ್ಕವರಿಗೆ ಹಂಚುವ, ಮೇಲೆ ಹೇಳಿದ ನಂಬರ್ ಶ್ರೇಣಿಗಳಿಂದ ದೂರ ಇರಿ. ಇಲ್ಲದಿದ್ದರೆ ಯಾವತ್ತೋ ಒಂದು ದಿನ ಬೇರೆ ಪ್ರೋಗ್ರಾಂ ಬಂದು ಅದೇ ಪೋರ್ಟ್ ಹಿಡಿದುಕೊಂಡು ಕೂರುತ್ತದೆ.

ಒಂದೇ ಸರ್ವರ್‌ನಲ್ಲಿ ಎರಡು ಮೂರು ಕಂಪನಿಗಳ ಲೈಸೆನ್ಸ್ ಇದ್ದರೆ ಇನ್ನೂ ಎಚ್ಚರ ಬೇಕು. ಮೊದಲ ಸಾಫ್ಟ್‌ವೇರ್‌ನ ಡೀಮನ್‌ಗೆ 27001 ಕೊಟ್ಟಿದ್ದೀರಿ ಅನ್ನಿ. ಎರಡನೇ ಸಾಫ್ಟ್‌ವೇರ್‌ನ ಎಲ್‌ಎಂಜಿಆರ್‌ಡಿಗೆ ನಂಬರ್ ಕೊಟ್ಟಿಲ್ಲ. ಅದು ಮೊದಲು ಎದ್ದರೆ 27000 ಹಿಡಿಯುತ್ತದೆ, ಆಮೇಲೆ ಎದ್ದರೆ ಇನ್ನೊಂದು. ಬೂಟ್ ಆಗುವ ಕ್ರಮ ಬದಲಾದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಎಲ್ಲಾ ಫೈಲ್‌ಗಳಲ್ಲೂ ಎರಡೂ ನಂಬರ್ ಬರೆದುಬಿಡಿ.

ಬರೆದ ಮೇಲೆ ಲೈಸೆನ್ಸ್ ಸರ್ವೀಸ್ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ವಿಂಡೋಸ್‌ನಲ್ಲಿ ಲೈಸೆನ್ಸ್ ಸರ್ವರ್ ನೋಡಿಕೊಳ್ಳುವ ಎಲ್‌ಎಂಟೂಲ್ಸ್ ಎಂಬ ಪ್ರೋಗ್ರಾಂನಲ್ಲಿ ರೀರೀಡ್ ಎಂದು ಒಂದು ಬಟನ್ ಇದೆ. ಅದು ಹೊಸ ಲೈಸೆನ್ಸ್‌ಗಳನ್ನು ಓದಿಕೊಳ್ಳುತ್ತದೆ, ಆದರೆ ಪೋರ್ಟ್ ಬದಲಾಯಿಸುವುದಿಲ್ಲ. ನಾನು ಬಿದ್ದದ್ದು ಇಲ್ಲೇ. ನಮ್ಮ ಹಳೆಯ ಫೈಲ್‌ನಲ್ಲಿ ಡೀಮನ್‌ಗೆ ಪೋರ್ಟ್ ಬರೆದಿತ್ತು. ವರ್ಷದ ರಿನ್ಯೂವಲ್‌ಗೆ ಕಂಪನಿಯಿಂದ ಹೊಸ ಫೈಲ್ ಬಂತು. ಅದರಲ್ಲಿ ನಮ್ಮ ಪೋರ್ಟ್ ಇರುವುದಿಲ್ಲ ತಾನೆ? ಮಕ್ಕಳು ಕೆಲಸ ಮಾಡುತ್ತಿದ್ದರು, ನಿಲ್ಲಿಸುವುದು ಬೇಡ ಎಂದು ಫೈಲ್ ಹಾಕಿ ರೀರೀಡ್ ಒತ್ತಿದೆ. ಓಡುತ್ತಿದ್ದ ಡೀಮನ್ ಹಳೆಯ ಪೋರ್ಟ್‌ನಲ್ಲೇ ಉಳಿಯಿತು. ಎರಡು ತಿಂಗಳು ಎಲ್ಲಾ ಚೆನ್ನಾಗಿ ನಡೆಯಿತು. ಆ ರಾತ್ರಿ ಕರೆಂಟ್ ಹೋಗಿ ಸರ್ವರ್ ರೀಸ್ಟಾರ್ಟ್ ಆದಾಗ ಮಾತ್ರ ಡೀಮನ್ ಹೊಸ ಫೈಲ್ ನೋಡಿ, ನಂಬರ್ ಕಾಣದೆ, ಐವತ್ತು ಸಾವಿರದ ಆಚೆ ಎಲ್ಲೋ ಹೋಗಿ ಕೂತಿತು.

ಬೀಗ ತೆರೆಯುವುದು

ಸರ್ವರ್ ವಿಂಡೋಸ್ ಆಗಿದ್ದರೆ ಡಿಫೆಂಡರ್ ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಇನ್‌ಬೌಂಡ್ ರೂಲ್ಸ್‌ನಲ್ಲಿ ಹೊಸ ರೂಲ್ ಮಾಡಿ. ಪೋರ್ಟ್ ಎಂದು ಆರಿಸಿ, ಟಿಸಿಪಿ ಇಟ್ಟು, 27000, 27001 ಎಂದು ಕಾಮಾ ಹಾಕಿ ಬರೆಯಿರಿ. ಅಲೋ ಕೊಡಿ. ಮುಂದಿನ ಪರದೆಯಲ್ಲಿ ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂದು ಮೂರು ಪ್ರೊಫೈಲ್ ಕೇಳುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಸರ್ವರ್‌ನ ನೆಟ್‌ವರ್ಕ್ ಈಗ ಯಾವ ಪ್ರೊಫೈಲ್‌ನಲ್ಲಿದೆ ಎಂದು ನೋಡಿಕೊಳ್ಳಿ. ನೆಟ್‌ವರ್ಕ್ ಕಾರ್ಡ್ ಬದಲಾದಾಗ ವಿಂಡೋಸ್ ಅದನ್ನು ಪಬ್ಲಿಕ್ ಎಂದುಕೊಳ್ಳುವುದುಂಟು. ಆಗ ಪ್ರೈವೇಟ್‌ಗೆ ಮಾತ್ರ ಮಾಡಿದ ರೂಲ್ ಇದ್ದೂ ಇಲ್ಲದ ಹಾಗೆ.

ಪೋರ್ಟ್ ಬದಲು ಪ್ರೋಗ್ರಾಂಗೇ ಅನುಮತಿ ಕೊಡುವ ದಾರಿಯೂ ಇದೆ. ಎಲ್‌ಎಂಜಿಆರ್‌ಡಿ ಮತ್ತು ವೆಂಡರ್ ಡೀಮನ್ ಎರಡನ್ನೂ ಅಲೋ ಮಾಡಿದರೆ ಅವು ಯಾವ ಪೋರ್ಟ್ ಹಿಡಿದರೂ ಸರ್ವರ್‌ನ ಫೈರ್‌ವಾಲ್ ಬಿಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಫೋಲ್ಡರ್ ಬದಲಾದರೆ ಆ ರೂಲ್ ಸತ್ತಂತೆ. ಜೊತೆಗೆ, ದಾರಿಯಲ್ಲಿ ಇನ್ನೊಂದು ಫೈರ್‌ವಾಲ್ ಇದ್ದರೆ ಅದಕ್ಕೆ ಪ್ರೋಗ್ರಾಂ ಕಾಣುವುದಿಲ್ಲ, ಪೋರ್ಟ್ ನಂಬರ್ ಮಾತ್ರ ಕಾಣುತ್ತದೆ. ನಂಬರ್ ಖಾಯಂ ಮಾಡುವುದೇ ನನಗೆ ಸರಿ ಎನಿಸುತ್ತದೆ.

ಲಿನಕ್ಸ್‌ನಲ್ಲಿ ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಇದ್ದರೆ ಎರಡೂ ಪೋರ್ಟನ್ನು ಪರ್ಮನೆಂಟ್ ಎಂಬ ಆಯ್ಕೆಯ ಜೊತೆ ಸೇರಿಸಿ, ಆಮೇಲೆ ರೀಲೋಡ್ ಕೊಡಿ. ಪರ್ಮನೆಂಟ್ ಮರೆತರೆ ರೂಲ್ ಈಗ ಕೆಲಸ ಮಾಡುತ್ತದೆ, ಮುಂದಿನ ರೀಲೋಡ್ ಅಥವಾ ರೀಬೂಟ್‌ಗೆ ಮಾಯವಾಗುತ್ತದೆ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಇದ್ದರೆ ಒಂದೊಂದು ಪೋರ್ಟಿಗೂ ಒಂದು ಸಾಲು ಸಾಕು. ಲಿನಕ್ಸ್‌ನಲ್ಲಿ ಇನ್ನೊಂದು ಸಂಗತಿ ಇದೆ. ಡೀಮನ್‌ನ ಪೋರ್ಟ್ ಖಾಯಂ ಇದ್ದಾಗ ಸರ್ವೀಸ್ ನಿಲ್ಲಿಸಿ ತಕ್ಷಣ ಶುರು ಮಾಡಿದರೆ ಡೀಮನ್ ಏಳದೆ ಹೋಗಬಹುದು. ಹಳೆಯ ಕನೆಕ್ಷನ್‌ಗಳು ಪೂರ್ತಿ ಮುಗಿಯುವ ತನಕ ಆ ಪೋರ್ಟ್ ಬಿಡುವಾಗಿರುವುದಿಲ್ಲ. ನಿಲ್ಲಿಸಿ, ಕೆಲವು ನಿಮಿಷ ತಡೆದು, ಆಮೇಲೆ ಶುರು ಮಾಡಿ.

ಇಲ್ಲಿಗೆ ಸರ್ವರ್‌ನ ಫೈರ್‌ವಾಲ್ ಮುಗಿಯಿತು. ದೊಡ್ಡ ಕ್ಯಾಂಪಸ್‌ನಲ್ಲಿ ಲ್ಯಾಬ್ ಒಂದು ವಿಎಲ್ಯಾನ್ (ನೆಟ್‌ವರ್ಕಿನ ಪ್ರತ್ಯೇಕ ಭಾಗ), ಸರ್ವರ್ ರೂಮ್ ಇನ್ನೊಂದು ವಿಎಲ್ಯಾನ್. ನಡುವೆ ಕಾಲೇಜಿನ ದೊಡ್ಡ ಫೈರ್‌ವಾಲ್ ಕೂತಿರುತ್ತದೆ. ಅಲ್ಲೂ ಇದೇ ಎರಡು ನಂಬರ್ ತೆರೆಯಬೇಕು. ಅದನ್ನು ನೋಡಿಕೊಳ್ಳುವವರು ಬೇರೆಯವರಾಗಿದ್ದರೆ ಸುಮ್ನೆ "ಲೈಸೆನ್ಸ್ ಪೋರ್ಟ್ ಓಪನ್ ಮಾಡಿ" ಎಂದು ಹೇಳಬೇಡಿ. ಯಾವ ವಿಎಲ್ಯಾನ್‌ನಿಂದ, ಯಾವ ಸರ್ವರ್‌ಗೆ, ಟಿಸಿಪಿ, ಎರಡು ನಂಬರ್, ಹೀಗೆ ಬರೆದು ಕೊಡಿ. ಇನ್ನೊಂದು ವಿಷಯ. ಬಹಳ ಹೊತ್ತು ಮಾತಿಲ್ಲದೆ ಇರುವ ಕನೆಕ್ಷನ್‌ಗಳನ್ನು ಇಂಥ ಫೈರ್‌ವಾಲ್‌ಗಳು ಕಡಿದುಹಾಕುತ್ತವೆ. ವಿದ್ಯಾರ್ಥಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಲೈಸೆನ್ಸ್ ಹೋಗಿದೆ ಎಂಬ ದೂರು ಬಂದರೆ ಆ ಟೈಮ್‌ಔಟ್ ಎಷ್ಟಿದೆ ಎಂದು ಮೊದಲು ಕೇಳಿ.

ಪರೀಕ್ಷೆ ಲ್ಯಾಬಿನಲ್ಲಿ ಕೂತು

ಸರ್ವರ್‌ನಲ್ಲಿ ಕೂತು ಸ್ಟೇಟಸ್ ನೋಡಿ "ಸರಿ ಇದೆ" ಎಂದು ಎದ್ದು ಬರಬೇಡಿ. ಮನೆಯೊಳಗೆ ಇರುವವರಿಗೆ ಮುಂಬಾಗಿಲಿನ ಬೀಗ ಗೊತ್ತಾಗುತ್ತಾ? ಲ್ಯಾಬಿಗೆ ಹೋಗಿ, ವಿದ್ಯಾರ್ಥಿಯ ಕುರ್ಚಿಯಲ್ಲಿ ಕೂತು ನೋಡಿ.

ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಕಮಾಂಡ್ ಇದೆ. ಸರ್ವರ್ ಹೆಸರು ಮತ್ತು ಪೋರ್ಟ್ ಕೊಟ್ಟರೆ ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತದೆ. 27000ಕ್ಕೆ ಒಮ್ಮೆ, 27001ಕ್ಕೆ ಒಮ್ಮೆ ಮಾಡಿ. ಎರಡಕ್ಕೂ ಟ್ರೂ ಬರಬೇಕು. ಮೊದಲನೆಯದು ಟ್ರೂ, ಎರಡನೆಯದು ಫಾಲ್ಸ್ ಆದರೆ ಕಾರಣ ಈಗ ನಿಮಗೆ ಗೊತ್ತೇ ಇದೆ. ಪಿಂಗ್ ಇಲ್ಲಿ ಸಾಕ್ಷಿಯಲ್ಲ. ಪಿಂಗ್‌ಗೆ ಪೋರ್ಟೇ ಇಲ್ಲ.

ಎರರ್ ನಂಬರ್ ಕೂಡ ಬಹಳ ಹೇಳುತ್ತದೆ. ಫ್ಲೆಕ್ಸ್‌ನೆಟ್ ಎರರ್ -15 ಅಂದರೆ ಸರ್ವರ್‌ಗೆ ಕನೆಕ್ಟ್ ಆಗಲು ಆಗುತ್ತಿಲ್ಲ. -97 ಅಂದರೆ ವೆಂಡರ್ ಡೀಮನ್ ಸಿಗುತ್ತಿಲ್ಲ. ವಿಂಡೋಸ್‌ನಲ್ಲಿ ಇದರ ಪಕ್ಕ ಸಿಸ್ಟಮ್ ಎರರ್ ಎಂದು ಇನ್ನೊಂದು ನಂಬರ್ ಇದ್ದರೆ ಅದನ್ನು ಬಿಡದೆ ನೋಡಿ. 10061 ಇದ್ದರೆ ಯಂತ್ರದ ತನಕ ಹೋಗಿದ್ದೀರಿ, ಆದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಸರ್ವೀಸ್ ನಿಂತಿದೆಯಾ, ನಂಬರ್ ತಪ್ಪಾಗಿದೆಯಾ ಹುಡುಕಿ. 10060 ಇದ್ದರೆ ಉತ್ತರವೇ ಬರದೆ ಕಾದು ಕಾದು ಬಿಟ್ಟಿದೆ. ಫೈರ್‌ವಾಲ್ ಸದ್ದಿಲ್ಲದೆ ತಡೆದಾಗ ಹೀಗಾಗುತ್ತದೆ. ಎರರ್ ಥಟ್ಟನೆ ಬಂತಾ, ಸುಮಾರು ಹೊತ್ತು ಕಾದ ಮೇಲೆ ಬಂತಾ ಎಂದು ಲ್ಯಾಬಿನವರನ್ನು ಫೋನಿನಲ್ಲಿ ಕೇಳಿದರೂ ಅರ್ಧ ಪತ್ತೆ ಆಗುತ್ತದೆ.

ಸರ್ವರ್‌ನ ಡೀಬಗ್ ಲಾಗ್ ಕೂಡ ತೆರೆದು ನೋಡಿ. ಸರ್ವೀಸ್ ಶುರುವಾದ ಜಾಗದಲ್ಲಿ ಎಲ್‌ಎಂಜಿಆರ್‌ಡಿ ಯಾವ ಟಿಸಿಪಿ ಪೋರ್ಟ್, ಡೀಮನ್ ಯಾವ ಟಿಸಿಪಿ ಪೋರ್ಟ್ ಎಂದು ಬರೆದಿರುತ್ತದೆ. ಅವತ್ತು ನಾನು ಈ ಎರಡು ಸಾಲು ಮೊದಲೇ ಓದಿದ್ದರೆ ಹತ್ತು ಗಂಟೆಗೆ ಸರಿಯಾಗಿ ಪರೀಕ್ಷೆ ಶುರುವಾಗುತ್ತಿತ್ತು.

ಲ್ಯಾಬಿನ ಸಿಸ್ಟಮ್‌ಗಳಲ್ಲಿ ಬರೆಯಬೇಕಾದದ್ದು ಎಲ್‌ಎಂಜಿಆರ್‌ಡಿಯ ಪೋರ್ಟ್ ಮಾತ್ರ. 27000, ಆಮೇಲೆ ಅಟ್ ಚಿಹ್ನೆ, ಆಮೇಲೆ ಸರ್ವರ್ ಹೆಸರು. ಡೀಮನ್‌ನ ನಂಬರ್ ಅಲ್ಲಿ ಬೇಡ, ಅದನ್ನು ಕೌಂಟರ್ ಹೇಳುತ್ತದೆ. ಆದರೆ ಲೈಸೆನ್ಸ್ ಫೈಲ್‌ನಲ್ಲಿರುವ ಸರ್ವರ್ ಹೆಸರು ಲ್ಯಾಬಿನ ಸಿಸ್ಟಮ್‌ಗೂ ಗೊತ್ತಿರಬೇಕು. ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಆ ಹೆಸರು ಸಿಗದಿದ್ದರೆ ಪೋರ್ಟ್ ತೆರೆದಿದ್ದರೂ ಕೆಲಸ ಆಗದೆ ಹೋಗಬಹುದು.

ರಸ್ತೆಗೆ ತೆರೆಯಬೇಡಿ

2020ರ ಲಾಕ್‌ಡೌನ್‌ನಲ್ಲಿ ಮಕ್ಕಳೆಲ್ಲ ಮನೆಯಲ್ಲಿದ್ದರು. ಪ್ರಾಜೆಕ್ಟ್‌ಗೆ ಲೈಸೆನ್ಸ್ ಬೇಕಿತ್ತು. ಈ ಎರಡು ಪೋರ್ಟನ್ನು ಇಂಟರ್ನೆಟ್‌ಗೇ ತೆರೆದುಬಿಡೋಣ ಎಂದು ನನಗೂ ಒಂದು ಕ್ಷಣ ಅನಿಸಿತ್ತು. ಮಾಡಲಿಲ್ಲ. ಫ್ಲೆಕ್ಸ್‌ನೆಟ್ ಸಾಮಾನ್ಯವಾಗಿ ಲೈಸೆನ್ಸ್ ಕೇಳುವವರ ಹತ್ತಿರ ಪಾಸ್‌ವರ್ಡ್ ಕೇಳುವುದಿಲ್ಲ. ಬಾಗಿಲು ಕಂಡವರು ಬಂದು ತೆಗೆದುಕೊಂಡು ಹೋಗಬಹುದು. ಅಷ್ಟೇ ಅಲ್ಲ, ಎಲ್‌ಎಂಡೌನ್ ಎಂಬ ಕಮಾಂಡ್‌ನಿಂದ ದೂರದಲ್ಲಿ ಕೂತೇ ಲೈಸೆನ್ಸ್ ಸರ್ವರ್ ನಿಲ್ಲಿಸಬಹುದು. ಸರ್ವರ್ ಶುರು ಮಾಡುವಾಗ ಲೋಕಲ್ ಎಂಬ ಆಯ್ಕೆ ಕೊಟ್ಟರೆ ಎಲ್‌ಎಂಡೌನ್ ಅದೇ ಯಂತ್ರದಿಂದ ಮಾತ್ರ ನಡೆಯುತ್ತದೆ. ಕ್ಯಾಂಪಸ್ ಒಳಗೂ ಇದನ್ನು ಹಾಕಿಡಿ. ಲ್ಯಾಬಿನಲ್ಲಿ ಕುತೂಹಲದ ಮಕ್ಕಳು ಇರುತ್ತಾರೆ, ಅಲ್ವಾ?

ಮನೆಯಿಂದ ಬೇಕೆನ್ನುವವರಿಗೆ ವಿಪಿಎನ್, ಅಂದರೆ ಕಾಲೇಜಿನ ನೆಟ್‌ವರ್ಕಿಗೆ ಹೊರಗಿನಿಂದ ಬರುವ ಸುರಕ್ಷಿತ ದಾರಿ, ಕೊಡಿ. ಆದರೆ ಮೊದಲು ಲೈಸೆನ್ಸ್ ಒಪ್ಪಂದದಲ್ಲಿ ಕ್ಯಾಂಪಸ್ ಹೊರಗೆ ಬಳಸಲು ಅವಕಾಶ ಇದೆಯಾ ಎಂದು ಓದಿ. ಫೈರ್‌ವಾಲ್ ರೂಲ್‌ನಲ್ಲಿ ಸ್ಕೋಪ್ ಎಂಬ ಜಾಗದಲ್ಲಿ ಲ್ಯಾಬಿನ ಐಪಿ ಶ್ರೇಣಿ ಮತ್ತು ವಿಪಿಎನ್‌ನ ಶ್ರೇಣಿ ಮಾತ್ರ ಬರೆಯಿರಿ. ಬಾಗಿಲು ತೆರೆದಿರಲಿ, ಆದರೆ ನಮ್ಮವರಿಗೆ ಮಾತ್ರ.

ಈಗ ನಮ್ಮ ಸರ್ವರ್ ರೂಮಿನ ಗೋಡೆಯ ಮೇಲೆ ಒಂದು ಹಾಳೆ ಇದೆ. ಸಾಫ್ಟ್‌ವೇರ್‌ನ ಹೆಸರು, ಎಲ್‌ಎಂಜಿಆರ್‌ಡಿ ಪೋರ್ಟ್, ಡೀಮನ್ ಪೋರ್ಟ್, ರಿನ್ಯೂವಲ್ ತಿಂಗಳು, ಹೀಗೆ ನಾಲ್ಕು ಕಾಲಂ. ಹೊಸ ಲೈಸೆನ್ಸ್ ಫೈಲ್ ಮೇಲ್‌ನಲ್ಲಿ ಬಂದಾಗ ಹಳೆಯದನ್ನು ಪಕ್ಕದಲ್ಲಿ ತೆರೆದಿಟ್ಟು, ಎರಡು ನಂಬರ್ ಹೊಸದಕ್ಕೆ ಬರೆಯುತ್ತೇನೆ. ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿಯಾದ ಮೇಲೆ ಸರ್ವರನ್ನು ಬೇಕೆಂದೇ ರೀಬೂಟ್ ಮಾಡುತ್ತೇನೆ. ಆಮೇಲೆ ಮೆಕ್ಯಾನಿಕಲ್ ಲ್ಯಾಬಿಗೆ ನಡೆದುಹೋಗಿ, ಕಿಟಕಿ ಪಕ್ಕದ ಸಿಸ್ಟಮ್‌ನಲ್ಲಿ ಸಾಫ್ಟ್‌ವೇರ್ ತೆರೆದು ನೋಡುತ್ತೇನೆ. ತೆರೆದುಕೊಂಡ ಮೇಲೆ ಮನೆಗೆ ಹೊರಡುತ್ತೇನೆ.